ಮನೆ ನೆಟ್ಟಿಗೂ ಒಂದು ತೂಬು ಬೇಕು

ಹೋದ ವರ್ಷ ಮಗಳು ಸಿ.ಇ.ಟಿ. ಬರೆದಿದ್ದಳು. ಬಿ.ಎಸ್ಸಿ. ಕೃಷಿ ಓದಬೇಕು ಅನ್ನೋದು ಅವಳ ಆಸೆ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅಂತ ಕಂಪ್ಯೂಟರಿನಲ್ಲಿ ತುಂಬಿ ಕಳಿಸಬೇಕಲ್ಲ, ಅದಕ್ಕೆ ಆಪ್ಷನ್ ಎಂಟ್ರಿ ಅಂತಾರೆ. ಕಡೇ ದಿನ ರಾತ್ರಿ ಊಟ ಮುಗಿಸಿ ಕೂತಳು. ಗಡುವು ಮುಗಿಯೋಕೆ ಇನ್ನೂ ಒಂದೂವರೆ ಗಂಟೆ ಇತ್ತು. ಪುಟ ತೆರೆಯಲೇ ಇಲ್ಲ. ಚಕ್ರ ತಿರುಗ್ತಾನೇ ಇತ್ತು. ಒಮ್ಮೆ ತೆರೀತು, ನಾಲ್ಕು ಕಾಲೇಜು ತುಂಬೋದ್ರೊಳಗೆ ಮತ್ತೆ ನಿಂತಿತು. ಅವಳ ಕಣ್ಣಾಗೆ ನೀರು.

ನಾನು ಗಾಳಿಗೆ ಅಂತ ಹೊರಗೆ ಬಂದೆ. ನಮ್ಮ ಮನೆ ಕಟ್ಟೆ ಮೇಲೆ ಓಣಿಯ ಐದಾರು ಹುಡುಗರು ಸಾಲಾಗಿ ಕೂತು ಕ್ರಿಕೆಟ್ ನೋಡ್ತಿದ್ರು. ಪ್ರತಿಯೊಬ್ಬನ ಕೈಯಾಗೂ ಒಂದೊಂದು ಫೋನು. ಯಾರ ನೆಟ್ಟು? ನಮ್ಮದೇ. ಪಾಸ್‌ವರ್ಡ್ ಕೊಟ್ಟವನು ಯಾರು? ನಾನೇ.

ಮಗಳು ಅವರಣ್ಣನ ಫೋನು ಹಿಡಕೊಂಡು ಮಾಳಿಗೆ ಹತ್ತಿದಳು. ನಮ್ಮ ಓಣಿಯಲ್ಲಿ ಕೆಳಗೆ ಸಿಗ್ನಲ್ ಒಂದೇ ಕಡ್ಡಿ, ಮಾಳಿಗೆ ಮೇಲೆ ಮೂರು ಬರ್ತವೆ. ನೀರಿನ ಟ್ಯಾಂಕಿನ ಪಕ್ಕ ನಿಂತು ಅಂತೂ ತುಂಬಿ ಮುಗಿಸಿದಳು. ಆವಾಗ ಇನ್ನು ಇಪ್ಪತ್ತು ನಿಮಿಷ ಬಾಕಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೆಕ್ಕೆಜೋಳ, ತೊಗರಿ ಬೆಳೆಯುವವನು ನೆಟ್ಟಿನ ವಿಷಯ ಯಾಕೆ ಬರೀತಾನೆ ಅಂತ ಓದುಗರು ಕೇಳಬಹುದು. ಈಗ ಫೈಬರ್ ತಂತಿ ಹಳ್ಳಿ ಮನೆಗಳಿಗೂ ಬಂದಿದೆ. ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿದ್ದು 2011ರಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ತಂತಿ ಎಳೆಯುವವರು ಬರ್ತಾರೆ, ಪೆಟ್ಟಿಗೆ ಗೋಡೆಗೆ ಬಡೀತಾರೆ, ಪಾಸ್‌ವರ್ಡ್ ಚೀಟಿ ಕೊಟ್ಟು ಹೋಗ್ತಾರೆ. ಆ ನೆಟ್ಟನ್ನು ಯಾರು ಬಳಸಬೇಕು, ಯಾರು ಬಳಸಬಾರದು, ಅದನ್ನು ಹಿಡಿತದಲ್ಲಿ ಇಡೋದು ಹೆಂಗೆ ಅಂತ ಯಾರೂ ಹೇಳಿಕೊಡಲ್ಲ. ನಾನು ಆರು ತಿಂಗಳು ಒದ್ದಾಡಿ ಕಲಿತದ್ದು ಇಲ್ಲಿದೆ.

ಕೊನೆ ಭಾಗದ ಕಷ್ಟ

ನಮ್ಮ ಹರಿಹರ, ದಾವಣಗೆರೆ ಕಡೆಯವರಿಗೆ ಇದನ್ನು ತಿಳಿಸೋದು ಸುಲಭ. ಭದ್ರಾ ಅಚ್ಚುಕಟ್ಟಿನ ಕೊನೆ ಭಾಗ ನಮ್ಮದು. ಅಲ್ಲಿ ಲಕ್ಕವಳ್ಳಿ ಡ್ಯಾಮು 186 ಅಡಿ ತುಂಬಿದರೂ ಇಲ್ಲಿ ಕೊನೇ ಗದ್ದೆಯವನು ನೀರಿಗೆ ಕಾಯೋದು ತಪ್ಪಲ್ಲ. ಮೇಲ್ಗಡೆ ಚಾನಲ್ಲಿಗೆ ಪಂಪ್‌ಸೆಟ್ ಇಟ್ಟು ಎತ್ತುವವರು ಎತ್ತಿಕೊಂಡರೆ ಕೆಳಗೆ ಬರೋದು ಬರೇ ತೇವ. ನನ್ನ ಹೊಲಕ್ಕಂತೂ ಚಾನಲ್ ನೀರು ಹತ್ತೋದೇ ಇಲ್ಲ, ಎತ್ತರದ ಹೊಲ. ಆದರೂ ಆ ಜಗಳ ನೋಡ್ಕೊಂಡೇ ಬೆಳೆದವನು ನಾನು.

ಮನೆಗೆ ಬರುವ ನೆಟ್ಟೂ ಹಿಂಗೇ. ತಂತಿಯಲ್ಲಿ ಬರೋದು ಇಷ್ಟು ಅಂತ ಇರ್ತದೆ. ಒಂದು ಗಂಟೆ ವಿಡಿಯೋ ನೋಡಿದರೆ ಅದರ ಸ್ಪಷ್ಟತೆ ಮೇಲೆ 1ರಿಂದ 3 ಜಿಬಿ ಖರ್ಚು. ಆರು ಜನ ನೋಡಿದರೆ ಏಳನೆಯವನಿಗೆ ಫಾರಂ ತುಂಬೋಕೂ ನೆಟ್ಟು ಸಾಲಲ್ಲ. ತಿಂಗಳಿಗೆ ಇಷ್ಟು ಜಿಬಿ ಅಂತ ಮಿತಿ ಇರುವ ಯೋಜನೆಯಾದರೆ, ಮಿತಿ ದಾಟಿದ ಮೇಲೆ ವೇಗ ಇಳಿಸಿಬಿಡ್ತಾರೆ. ನಮ್ಮದು ಅಂಥದ್ದೇ. ತಿಂಗಳ ಇಪ್ಪತ್ತಕ್ಕೆಲ್ಲ ನೆಟ್ಟು ಎತ್ತಿನ ಗಾಡಿ ಆಗಿಬಿಡ್ತಿತ್ತು.

ಗೋಡೆಯ ಮೇಲಿನ ಪೆಟ್ಟಿಗೆ ಅಂದರೆ ರೂಟರ್ ನಮ್ಮ ಸೌಡಿ ಇದ್ದಂಗೆ. ಬೇರೆ ಕಡೆ ನೀರಗಂಟಿ ಅಂತಾರಲ್ಲ, ಅದೇ. ಯಾವ ತೂಬಿಗೆ ಎಷ್ಟು ಹೊತ್ತು ನೀರು ಅಂತ ಸೌಡಿಗೆ ಹೇಳಬೇಕಾದವರು ನಾವು. ಹೇಳದಿದ್ದರೆ ಬಂದವರಿಗೆಲ್ಲ ಬಿಡ್ತಾನೆ, ಅವನ ತಪ್ಪಲ್ಲ.

ಒಂಬತ್ತು ಇರಬೇಕಾದಲ್ಲಿ ಇಪ್ಪತ್ತಮೂರು

ಮಾರನೇ ದಿನ ಅಣ್ಣನ ಮಗನನ್ನು ಕರೆದೆ. ಹರಿಹರದಲ್ಲಿ ಐ.ಟಿ.ಐ. ಮಾಡಿದ ಹುಡುಗ. "ಚಿಕ್ಕಪ್ಪ, ಮೊದಲು ಯಾರ್‍ಯಾರು ಅದಾರೆ ನೋಡೋಣ ತಡೀರಿ" ಅಂದ. ರೂಟರನ್ನು ತಿರುಗಿಸಿದ. ಅಡಿಯಲ್ಲಿ ಒಂದು ಚೀಟಿ ಅಂಟಿಸಿರ್ತಾರೆ. ಅದರಲ್ಲಿ 192.168.1.1 ಅಂತ ಅಂಕಿ, ಒಂದು ಹೆಸರು, ಒಂದು ಪಾಸ್‌ವರ್ಡ್. ಕೆಲವು ಪೆಟ್ಟಿಗೆಯಲ್ಲಿ ಅಂಕಿ ಸ್ವಲ್ಪ ಬೇರೆ ಇರ್ತದೆ. ಮನೆಯ ವೈಫೈಗೆ ಸೇರಿದ ಫೋನು ಅಥವಾ ಲ್ಯಾಪ್‌ಟಾಪಿನಲ್ಲಿ ಆ ಅಂಕಿ ಒತ್ತಿದರೆ ರೂಟರಿನ ಸ್ವಂತ ಪುಟ ತೆರೀತದೆ. ಇದಕ್ಕೆ ಹೊರಗಿನ ನೆಟ್ಟೂ ಬೇಡ.

ಅದರಲ್ಲಿ ಸೇರಿಕೊಂಡಿರುವ ಸಾಧನಗಳ ಪಟ್ಟಿ ಇತ್ತು. ಎಣಿಸಿದ್ವಿ, ಇಪ್ಪತ್ತಮೂರು. ನಮ್ಮ ಮನೆಯವು ಫೋನು ಐದು, ಲ್ಯಾಪ್‌ಟಾಪ್ ಒಂದು, ಟಿ.ವಿ. ಒಂದು, ಕಣಕ್ಕೆ ಮತ್ತು ಕೊಟ್ಟಿಗೆಗೆ ಹಾಕಿದ ಕ್ಯಾಮೆರಾ ಎರಡು. ಒಟ್ಟು ಒಂಬತ್ತು. ಉಳಿದ ಹದಿನಾಲ್ಕು ಯಾರವು?

ಪಟ್ಟಿಯಲ್ಲಿ ಹೆಸರು ಸರಿಯಾಗಿ ಇರಲ್ಲ. ಫೋನಿನ ಕಂಪನಿ ಹೆಸರು, ಇಲ್ಲಾ ಬರೇ ಅಂಕಿ. ನಮ್ಮವು ಯಾವು ಅಂತ ಕಂಡುಹಿಡಿಯೋಕೆ ಒಂದು ಉಪಾಯ ಮಾಡಿದ್ವಿ. ಸಂಜೆ ಎಲ್ಲರೂ ಮನೆಯಲ್ಲಿದ್ದಾಗ ಒಂದೊಂದೇ ಫೋನಿನ ವೈಫೈ ಆರಿಸೋದು, ಪಟ್ಟಿಯಲ್ಲಿ ಯಾವುದು ಮಾಯ ಆಗ್ತದೆ ನೋಡೋದು, ನೋಟ್‌ಬುಕ್ಕಿನಲ್ಲಿ ಬರೆಯೋದು. ಕೆಲವು ಪೆಟ್ಟಿಗೆಯಲ್ಲಿ ಹೆಸರು ಅಳಿಸಿಹೋಗೋಕೆ ಐದು ಹತ್ತು ನಿಮಿಷ ಹಿಡೀತದೆ, ಅವಸರ ಮಾಡಬಾರದು. ಮನೆಯಾಕೆ "ಏನ್ರೀ ಇದು, ದನ ಎಣಿಸಿದಂಗೆ ಎಣಿಸ್ತೀರಿ" ಅಂತ ನಕ್ಕಳು. ದನ ಎಣಿಸಿದಂಗೇ. ಕೊಟ್ಟಿಗೆಯಲ್ಲಿ ಯಾರದೋ ದನ ಹದಿನಾಲ್ಕು ಮೇಯ್ತಿದ್ದರೆ ಸುಮ್ನೆ ಇರ್ತೀವಾ?

ಪಾಸ್‌ವರ್ಡು ಬೀಗ ಅಲ್ಲ

ನಾನು ಪಾಸ್‌ವರ್ಡ್ ಕೊಟ್ಟಿದ್ದು ಇಬ್ಬರಿಗೋ ಮೂವರಿಗೋ. ಅವರು ಇನ್ನಿಬ್ಬರಿಗೆ ಹೇಳಿದ್ರು. ಅದೂ ನಮ್ಮ ಹಸುವಿನ ಹೆಸರು, ಮುಂದೆ 1234. ಓಣಿಯ ಮಕ್ಕಳಿಗೆಲ್ಲ ನಮ್ಮ ಹಸುವಿನ ಹೆಸರು ಗೊತ್ತು. ಈಗಿನ ಫೋನುಗಳಲ್ಲಿ ಇನ್ನೊಂದು ಅನುಕೂಲ ಇದೆ. ಪಾಸ್‌ವರ್ಡನ್ನು ಚೌಕಳಿ ಚಿತ್ರ ಮಾಡಿ ತೋರಿಸಬಹುದು, ಪಕ್ಕದವನು ಅದನ್ನು ಫೋನಿಗೆ ಹಿಡಿದರೆ ಸಾಕು, ಒಳಗೆ. ಬಾಯಿಬಿಟ್ಟು ಕೇಳೋದೂ ಬೇಡ. ಒಮ್ಮೆ ಕೊಟ್ಟ ಪಾಸ್‌ವರ್ಡನ್ನು ವಾಪಸ್ ಇಸ್ಕೊಳ್ಳೋಕೆ ಬರಲ್ಲ, ಬದಲಿಸಬಹುದು ಅಷ್ಟೆ.

ಹೋಗಲಿ, ನೆಟ್ಟು ತಾನೇ, ನಾಲ್ಕು ಹುಡುಗರು ನೋಡಿದರೆ ಏನು ಗಂಟು ಹೋಗ್ತದೆ ಅಂತ ಅಂದುಕೊಂಡವನೇ ನಾನು. ಆದರೆ ಅಣ್ಣನ ಮಗ 2008ರ ಒಂದು ಘಟನೆ ಹೇಳಿದ. ಆ ವರ್ಷ ಜುಲೈ 26ಕ್ಕೆ ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟ ಆದವು. ಸ್ಫೋಟಕ್ಕೆ ಸ್ವಲ್ಪ ಮುಂಚೆ ಉಗ್ರರು ಟಿ.ವಿ. ಚಾನಲ್ಲುಗಳಿಗೆ ಒಂದು ಇ-ಮೇಲ್ ಕಳಿಸಿದ್ದರು. ಪೊಲೀಸರು ಅದರ ಜಾಡು ಹಿಡಿದು ಹೋದರೆ ಸಿಕ್ಕಿದ್ದು ನವಿ ಮುಂಬಯಿಯಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕದವನ ಮನೆ. ಅವನ ವೈಫೈಗೆ ಭದ್ರತೆ ಇರಲಿಲ್ಲ, ಯಾರೋ ಹೊರಗಿನಿಂದ ಬಳಸಿದ್ದರು. ಕಂಪ್ಯೂಟರು ಜಪ್ತಿ, ವಿಚಾರಣೆ, ಎಲ್ಲ ಆಯಿತು. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈ ಭದ್ರ ಮಾಡಿಕೊಳ್ಳಬೇಕು ಅಂತ ಸೂಚನೆ ಹೊರಡಿಸಿತು. ಹೊರಗಿನ ಲೋಕಕ್ಕೆ ನಮ್ಮ ಮನೆಯ ಇಪ್ಪತ್ತಮೂರು ಸಾಧನವೂ ಒಂದೇ ವಿಳಾಸದಲ್ಲಿ ಕಾಣ್ತವೆ, ಆ ವಿಳಾಸ ಇರೋದು ಯಾರ ಹೆಸರಿಗೆ ಬಿಲ್ಲು ಬರ್ತದೋ ಅವರ ಹೆಸರಿನಲ್ಲಿ. ಕಟ್ಟೆ ಮೇಲೆ ಕೂತ ಯಾವನೋ ಒಬ್ಬ ಮಾಡಬಾರದ್ದು ಮಾಡಿದರೆ ಬಾಗಿಲು ಬಡಿಯೋದು ನನ್ನದು. ಇದು ಕೇಳಿದ ಮೇಲೆ ನನ್ನ ಉದಾರತನ ಸ್ವಲ್ಪ ಇಳೀತು.

ಮಾಡಿದ ಕೆಲಸ

ಮೊದಲು ರೂಟರಿನ ಒಳಪುಟದ ಪಾಸ್‌ವರ್ಡ್ ಬದಲಿಸಿದ್ವಿ. ವೈಫೈ ಪಾಸ್‌ವರ್ಡು ಬೇರೆ, ಇದು ಬೇರೆ. ಇದು ಸೌಡಿಗೆ ಅಪ್ಪಣೆ ಕೊಡುವ ಅಧಿಕಾರ. ಕಂಪನಿಯವರು ಸಾವಿರಾರು ಪೆಟ್ಟಿಗೆಗೆ ಒಂದೇ ಪಾಸ್‌ವರ್ಡ್ ಇಟ್ಟಿರ್ತಾರೆ. ನೂರಕ್ಕೆ ತೊಂಬತ್ತು ಜನ ಹಂಗೇ ಬಿಟ್ಟಿರ್ತೀವಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ಸು ಇಂಥ ಕಂಪನಿ ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಪಟ್ಟಿ ಇಟ್ಟುಕೊಂಡೇ ಲೋಕದ ಲಕ್ಷಾಂತರ ಕ್ಯಾಮೆರಾ, ರೂಟರುಗಳಿಗೆ ನುಗ್ಗಿತು. ಆ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಟ್ವಿಟರ್‌ನಂಥ ದೊಡ್ಡ ತಾಣಗಳೇ ಕೆಲವು ಗಂಟೆ ನಿಂತುಹೋದವು. ಕಣದ ಕ್ಯಾಮೆರಾ ಇರುವವರೂ ಅದರ ಪಾಸ್‌ವರ್ಡ್ ಬದಲಿಸಿರಿ. ನಿಮ್ಮ ಜೋಳದ ರಾಶಿ ಕಾಯೋಕೆ ಇಟ್ಟದ್ದು ಇನ್ಯಾರದೋ ಕೈಗೆ ಕೋಲಾಗಬಾರದು.

ಆಮೇಲೆ ವೈಫೈ ಪಾಸ್‌ವರ್ಡ್. ಉದ್ದ ಇದ್ದಷ್ಟೂ ಒಳ್ಳೇದು. ನಾಲ್ಕು ಸಂಬಂಧವಿಲ್ಲದ ಮಾತು ಕೂಡಿಸಿ ಇಟ್ಟೆ. ಭದ್ರತೆಯ ಬಗೆ ಕೇಳುವ ಕಡೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಡಬ್ಲ್ಯುಇಪಿ ಅಂತ ಹಳೇದು ಒಂದಿದೆ, ಅದು 2001ರಲ್ಲೇ ಮುರಿದುಬಿದ್ದದ್ದು. ಡಬ್ಲ್ಯುಪಿಎಸ್ ಅಂತ ಒಂದು ಗುಂಡಿ ಇರ್ತದೆ, ಒತ್ತಿದರೆ ಪಾಸ್‌ವರ್ಡ್ ಇಲ್ಲದೇ ಸೇರಬಹುದು. ಅದರ ಎಂಟು ಅಂಕಿಯ ಪಿನ್ನನ್ನು ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿ ಒಡೆಯಬಹುದು ಅಂತ 2011ರಲ್ಲೇ ತೋರಿಸಿದ್ದಾರೆ. ಆರಿಸಿಬಿಟ್ಟೆ.

ಮೂರನೆಯದು ಅತಿಥಿ ನೆಟ್ಟು. ಈಗಿನ ಬಹುಪಾಲು ರೂಟರಿನಲ್ಲಿ ಎರಡನೇ ಹೆಸರಿನ ವೈಫೈ ಮಾಡಬಹುದು. ಅದಕ್ಕೆ ಬೇರೆ ಪಾಸ್‌ವರ್ಡ್. ಅದಕ್ಕೆ ಸೇರಿದವರಿಗೆ ಹೊರಗಿನ ನೆಟ್ಟು ಸಿಗ್ತದೆ, ಮನೆಯ ಲ್ಯಾಪ್‌ಟಾಪು, ಕ್ಯಾಮೆರಾ ಕಾಣಲ್ಲ. ಪಡಸಾಲೆವರೆಗೆ ಬನ್ನಿ, ಅಡಿಗೆ ಮನೆಗೆ ಬೇಡ ಅಂದಂಗೆ. ಬೀಗರು ಬಂದಾಗ ಇಲ್ಲ ಅನ್ನೋ ಮುಜುಗರ ಇದರಿಂದ ತಪ್ಪಿತು. ಪ್ರತಿ ಅಮಾವಾಸ್ಯೆಗೆ ಹೆಂಗೂ ಬೇಸಾಯ ಕಟ್ಟಲ್ಲ, ಅವತ್ತು ಕೂತು ಆ ಪಾಸ್‌ವರ್ಡ್ ಬದಲಿಸ್ತೀನಿ.

ಇಷ್ಟು ಮಾಡಿದರೆ ಮುಕ್ಕಾಲು ಪಾಲು ಕೆಲಸ ಆದಂಗೆ. ನನಗೆ ಮಾತ್ರ ಇನ್ನೂ ಬಿಗಿ ಬೇಕು ಅನ್ನಿಸಿತು. ಅಲ್ಲಿಂದ ನನ್ನ ಕಷ್ಟ ಶುರು.

ಹನ್ನೆರಡು ಅಕ್ಷರದ ಕತೆ

ನಮ್ಮ ಬೋರಿನ ಮೊಬೈಲ್ ಸ್ಟಾರ್ಟರ್ ಗೊತ್ತಲ್ಲ. ಒಳಗೆ ಒಂದು ಸಿಮ್ಮು ಇರ್ತದೆ. ನಾವು ನೋಂದಾಯಿಸಿದ ನಂಬರಿನಿಂದ ಕರೆ ಹೋದರೆ ಮಾತ್ರ ಮೋಟರು ಓಡ್ತದೆ, ಬೇರೆ ಯಾರು ಕರೆದರೂ ಕಿವುಡು. ರೂಟರಿನಲ್ಲೂ ಹಂಗೇ ಮಾಡಬಹುದು. ವೈಫೈ ಹಿಡಿಯುವ ಪ್ರತಿ ಸಾಧನಕ್ಕೂ ಮ್ಯಾಕ್ ವಿಳಾಸ ಅಂತ ಒಂದಿದೆ. ಹನ್ನೆರಡು ಅಕ್ಷರ, ಎರಡೆರಡರ ಆರು ಜೋಡಿ. 0ಯಿಂದ 9ರವರೆಗೆ ಅಂಕಿ, ಎ ಯಿಂದ ಎಫ್‌ವರೆಗೆ ಇಂಗ್ಲಿಷ್ ಅಕ್ಷರ. ಮೊದಲ ಮೂರು ಜೋಡಿ ತಯಾರಿಸಿದ ಕಂಪನಿಯ ಗುರುತು. ದನದ ಕಿವಿಯ ಓಲೆ ಇದ್ದಂಗೆ.

ಪಟ್ಟಿ ಎರಡು ರೀತಿ ಮಾಡಬಹುದು. ಇವರಿಗೆ ಬೇಡ, ಉಳಿದವರಿಗೆಲ್ಲ ಸರಿ ಅನ್ನೋದು ಒಂದು. ಇವರಿಗೆ ಮಾತ್ರ ಸರಿ, ಉಳಿದವರಿಗೆಲ್ಲ ಬೇಡ ಅನ್ನೋದು ಇನ್ನೊಂದು, ಸ್ಟಾರ್ಟರಿನ ತರಹ. ನಾನು ಎರಡನೆಯದು ಮಾಡಿದೆ. ಒಂಬತ್ತೂ ವಿಳಾಸ ಬರೆದು ಉಳಿಸಿದೆ. ಎಲ್ಲ ಸರಿ ಇತ್ತು. ಆಮೇಲೆ ನನಗೊಂದು ಶೋಕಿ ಹತ್ತಿತು. ವೈಫೈ ಹೆಸರು ಕಂಪನಿಯದ್ದು ಯಾಕೆ, ನಮ್ಮ ಹೊಲದ ಹೆಸರು ಇಡೋಣ ಅಂತ ಬದಲಿಸಿದೆ. ಐದೂ ಫೋನು ಹೊರಗೆ! ನನ್ನದೂ ಸೇರಿ. ಪಟ್ಟಿ ತಿದ್ದೋಣ ಅಂದರೆ ಫೋನಿನಿಂದ ಒಳಪುಟಕ್ಕೆ ಹೋಗೋಕೇ ಬರಲ್ಲ. ಬಾವಿಗೆ ಇಳಿದ ಮೇಲೆ ಹಗ್ಗ ತಾನೇ ಕೊಯ್ದುಕೊಂಡಂಗಾಯಿತು.

ಕಾರಣ ಆಮೇಲೆ ಗೊತ್ತಾಯಿತು. ಆಂಡ್ರಾಯ್ಡ್ 10 ಬಂದ 2019ರಿಂದ, ಐಫೋನಿನಲ್ಲಿ 2020ರಿಂದ, ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಹೇಳೋದೇ ಇಲ್ಲ. ಒಂದೊಂದು ವೈಫೈ ಹೆಸರಿಗೆ ಒಂದೊಂದು ಕಟ್ಟಿದ ವಿಳಾಸ ಕೊಡ್ತವೆ. ಅಂಗಡಿ, ಬಸ್‌ಸ್ಟ್ಯಾಂಡು ಅಂತ ಹೋದಲ್ಲೆಲ್ಲ ನಮ್ಮ ಹೆಜ್ಜೆ ಗುರುತು ಹಿಡಿಯದಿರಲಿ ಅಂತ ಮಾಡಿರೋ ಒಳ್ಳೇ ಏರ್ಪಾಡೇ. ಆದರೆ ನಾನು ಹೆಸರು ಬದಲಿಸಿದ ಕೂಡಲೇ ಫೋನುಗಳಿಗೆ ಅದು ಹೊಸ ವೈಫೈ. ಹೊಸ ವಿಳಾಸ ಕೊಟ್ಟವು. ಪಟ್ಟಿಯಲ್ಲಿ ಇಲ್ಲ, ಸೌಡಿ ಬಿಡಲಿಲ್ಲ.

ಕಟ್ಟಿದ ವಿಳಾಸ ಗುರುತಿಸೋದು ಸುಲಭ. ಎರಡನೇ ಅಕ್ಷರ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಕಟ್ಟಿದ್ದು ಅಂತ ತಿಳೀರಿ. ಫೋನಿನಲ್ಲಿ ವೈಫೈ ಹೆಸರಿನ ವಿವರ ತೆರೆದರೆ ಖಾಸಗಿತನ ಅಂತ ಒಂದು ಕಡೆ ಇರ್ತದೆ. ಅಲ್ಲಿ ಫೋನಿನ ನಿಜವಾದ ಮ್ಯಾಕ್ ಬಳಸು ಅಂತ ಮಾಡಬಹುದು. ಮನೆಯ ವೈಫೈಗೆ ಮಾತ್ರ ಹಂಗೆ ಮಾಡಿ, ಬೇರೆ ಕಡೆ ಕಟ್ಟಿದ್ದೇ ಇರಲಿ. ನಮ್ಮನ್ನು ಉಳಿಸಿದ್ದು ಒಂದು ಮೊಳ ವೈರು. ಲ್ಯಾಪ್‌ಟಾಪಿಗೂ ರೂಟರಿಗೂ ಅದನ್ನು ಚುಚ್ಚಿದರೆ ನಮ್ಮ ಪೆಟ್ಟಿಗೆಯಲ್ಲಿ ವೈಫೈ ಪಟ್ಟಿ ಅಡ್ಡ ಬರಲ್ಲ. ಅಂಥ ವೈರು ಒಂದು ಮನೆಯಲ್ಲಿ ಇಟ್ಟುಕೊಳ್ಳದೇ ಈ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನೊಂದು ಮಾತು. ಮ್ಯಾಕ್ ವಿಳಾಸ ನಕಲು ಮಾಡೋಕೆ ಬರ್ತದೆ. ತಿಳಿದವನು ನಿಮ್ಮ ಫೋನಿನ ವಿಳಾಸ ಕದ್ದು ತನ್ನದು ಅಂತ ಹೇಳಬಹುದು. ಹಂಗಾಗಿ ಈ ಪಟ್ಟಿ ಮುಳ್ಳಿನ ಬೇಲಿ ಅಷ್ಟೆ, ಕಲ್ಲಿನ ಗೋಡೆ ಅಲ್ಲ. ಗಟ್ಟಿ ಪಾಸ್‌ವರ್ಡ್ ಇಲ್ಲದೇ ಬರೇ ಪಟ್ಟಿ ನಂಬಬಾರದು. ಎರಡೂ ಇದ್ದರೆ ನಮ್ಮ ಓಣಿಯ ಮಟ್ಟಿಗೆ ಸಾಕು.

ಹತ್ತು ಗಂಟೆಯ ಬೀಗ

ಮಗ ಪಿ.ಯು.ಸಿ. ಸೆಕೆಂಡ್ ಇಯರ್. ರಾತ್ರಿ ಒಂದು ಗಂಟೆಯಾದರೂ ಕಂಬಳಿಯೊಳಗೆ ಬೆಳಕು. ರೂಟರಿನಲ್ಲಿ ಒಂದೊಂದು ಸಾಧನಕ್ಕೆ ಹೊತ್ತು ಗೊತ್ತು ಮಾಡಬಹುದು ಅಂತ ಕಂಡಿತು. ಅವನ ಫೋನಿಗೆ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಬೀಗ ಅಂತ ಹಾಕಿದೆ. ಅವತ್ತು ರಾತ್ರಿ ಹನ್ನೊಂದಕ್ಕೂ ಆರಾಮಾಗಿ ನೋಡ್ತಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಕಾಲೇಜಿನ ನೋಟ್ಸು ಇಳಿಸಬೇಕು, ನೆಟ್ಟಿಲ್ಲ ಅಂತ ಕೂಗಾಟ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ರೂಟರಿನ ಗಡಿಯಾರ ಇಂಗ್ಲೆಂಡಿನ ಗ್ರೀನಿಚ್ ಹೊತ್ತಿನಲ್ಲಿತ್ತು. ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ಹತ್ತು ಅಂದರೆ ನಮ್ಮ ಬೆಳಗಿನ ಜಾವ ಮೂರೂವರೆ, ಅದರ ಐದು ಅಂದರೆ ನಮ್ಮ ಹತ್ತೂವರೆ. ಹೊತ್ತಿನ ಪುಟದಲ್ಲಿ ಭಾರತದ ಸಮಯ ಆರಿಸಿದ ಮೇಲೆ ಸರಿಹೋಯಿತು.

ಸರಿಹೋಯಿತು ಅಂದೆನಾ? ನಾಲ್ಕೇ ದಿನ. ಐದನೇ ದಿನ ಅವನು ಹಾಸಿಗೆ ಮಾಳಿಗೆ ಮೇಲೆ ಹಾಕ್ಕೊಂಡ. "ಸೆಕೆ ಅಪ್ಪಾಜಿ" ಅಂದ. ಮಾಳಿಗೆ ಮೇಲೆ ಮೂರು ಕಡ್ಡಿ ಸಿಗ್ನಲ್ಲು, ಫೋನಿನಲ್ಲಿ ಸಿಮ್ಮಿನ ಸ್ವಂತ ಡಾಟಾ. ರೂಟರಿನ ಬೀಗ ವೈಫೈಗೆ ಮಾತ್ರ. ಅಷ್ಟೇ ಅಲ್ಲ, ರೂಟರಿನ ಹಿಂದೆ ಸಣ್ಣ ತೂತು ಇರ್ತದೆ. ಪಿನ್ನು ತೂರಿಸಿ ಹತ್ತು ಸೆಕೆಂಡು ಒತ್ತಿದರೆ ನಾವು ಮಾಡಿದ್ದೆಲ್ಲ ಅಳಿಸಿಹೋಗಿ ಹೊಸದರಂತೆ ಆಗ್ತದೆ. ಒಂದು ಸಲ ಅದೂ ಆಯಿತು. ಯಾರು ಒತ್ತಿದ್ರು ಅಂತ ನಾನು ಕೇಳಲಿಲ್ಲ. ಪೆಟ್ಟಿಗೆಯನ್ನು ನನ್ನ ಮಂಚದ ಮೇಲಿನ ಗೂಡಿಗೆ ಎತ್ತಿಟ್ಟೆ. ಮಗನ ಜೊತೆ ಹೊಲದಲ್ಲಿ ಕುಂಟೆ ಹೊಡೆಯುವಾಗ ಮಾತಾಡಿದೆ. ಪರೀಕ್ಷೆ ಮುಗಿಯೋವರೆಗೆ ಫೋನು ರಾತ್ರಿ ಅವರವ್ವನ ತಲೆದಿಂಬಿನ ಹತ್ತಿರ ಇಡ್ತೀನಿ ಅಂತ ತಾನೇ ಒಪ್ಪಿದ. ಕೆಟ್ಟ ತಾಣಗಳನ್ನು ತಡೆಯೋಕೆ 1.1.1.3 ಅಂತ ಒಂದು ವಿಳಾಸ ಇದೆ, ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ಬಿಟ್ಟದ್ದು, ಪುಕ್ಕಟೆ. ರೂಟರಿನ ಡಿ.ಎನ್.ಎಸ್. ಅನ್ನುವ ಕಡೆ ಅದನ್ನು ಬರೆದರೆ ಅಶ್ಲೀಲ ತಾಣ, ವೈರಸ್ ತಾಣ ಬಹುಪಾಲು ತೆರೆಯಲ್ಲ. ಸಣ್ಣ ಮಕ್ಕಳಿರುವ ಮನೆಗೆ ಅನುಕೂಲ.

ಓಣಿಯವರ ಮುಖ

ಮಷೀನಿನ ಕೆಲಸ ಒಂದು ವಾರದ್ದು. ಜನರದ್ದು ಹಂಗಲ್ಲ. ಪಾಸ್‌ವರ್ಡ್ ಬದಲಿಸಿದ ಮೂರನೇ ದಿನ ಎದುರು ಮನೆಯ ಹಿರಿಯರು "ಏನಪ್ಪಾ, ನಿಮ್ಮ ನೆಟ್ಟು ಬಿಗಿಯಾಯ್ತಂತೆ" ಅಂದ್ರು. ನಮ್ಮ ಕಡೆ ಕುಡಿಯೋ ನೀರು ಕೇಳಿದರೆ ಇಲ್ಲ ಅನ್ನಲ್ಲ. ನೆಟ್ಟು ನೀರಿನಂಗೋ, ಹಾಲಿನಂಗೋ? ನಾನು ಇನ್ನೂ ತೀರ್ಮಾನ ಮಾಡಿಲ್ಲ. ಅವರಿಗೆ ಆ ರಾತ್ರಿ ಮಗಳಿಗೆ ಆದದ್ದು ಹೇಳಿದೆ. ಸುಮ್ಮನೆ ಕೇಳಿ, "ಹಂಗಾದ್ರೆ ಸರಿ ಬಿಡು" ಅಂದ್ರು. ಕಟ್ಟೆ ಹುಡುಗರು ಮಾತ್ರ ಹದಿನೈದು ದಿನ ನನ್ನ ಕಂಡರೆ ಮುಖ ತಿರುಗಿಸ್ತಿದ್ರು. ಕಟ್ಟೆಯೂ ಖಾಲಿ. ಸಂಜೆ ಹೊತ್ತು ಬಿಕೋ ಅನ್ನಿಸ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹಿಂದಿನ ಮನೆಯ ಹುಡುಗಿ ನರ್ಸಿಂಗ್ ಓದ್ತಾಳೆ. ಅಪ್ಪ ಇಲ್ಲ, ತಾಯಿ ಕೂಲಿ. ಆ ಹದಿನಾಲ್ಕರಲ್ಲಿ ಒಂದು ಫೋನು ಅವಳದ್ದು ಅಂತ ಆಮೇಲೆ ತಿಳೀತು. ಪಾಠದ ವಿಡಿಯೋ ನೋಡೋಕೆ ನಮ್ಮ ಹಿತ್ತಿಲ ಗೋಡೆಗೆ ಒರಗಿ ಕೂರ್ತಿದ್ದಳಂತೆ. ಕೇಳೋಕೆ ನಾಚಿಕೆ. ನಾನೇ ಕರೆದು ಅವಳ ಫೋನನ್ನು ಪಟ್ಟಿಗೆ ಸೇರಿಸಿದೆ. ಹಿತ್ತಿಲಿಗೆ 5 ಗಿಗಾಹರ್ಟ್ಸಿನದ್ದು ಸರಿಯಾಗಿ ತಲುಪ್ತಿರಲಿಲ್ಲ, ಗೋಡೆ ದಾಟೋದು 2.4ರದ್ದೇ ವಾಸಿ. ಅದಕ್ಕೇ ಜೋಡಿಸಿಕೊಟ್ಟೆ. ಈಗ ಪಟ್ಟಿಯಲ್ಲಿ ಅವಳದ್ದು ಹತ್ತನೆಯ ಹೆಸರು. ಕಟ್ಟೆ ಹುಡುಗರಿಗೆ ಭಾನುವಾರ ಮಧ್ಯಾಹ್ನ ಅತಿಥಿ ನೆಟ್ಟು ಬಿಡ್ತೀನಿ, ಅದರ ವೇಗಕ್ಕೆ ಮಿತಿ ಹಾಕಿ. ಆನ್-ಆಫ್ ಪದ್ಧತಿ ಅನ್ನಿ. ಅದೂ ಎಲ್ಲ ಪೆಟ್ಟಿಗೆಯಲ್ಲಿ ಬರಲ್ಲ, ನಮ್ಮದರಲ್ಲಿ ಇತ್ತು.

ಮಗಳಿಗೆ ಕೃಷಿ ಸೀಟು ಸಿಕ್ಕಿತು. ಈಗ ಹಾಸ್ಟೆಲಿನಲ್ಲಿದ್ದಾಳೆ. ಮೊನ್ನೆ ದೀಪಾವಳಿಗೆ ಬಂದಾಗ ಹೊಸ ಫೋನು ತಂದಿದ್ದಳು. ಚೀಲ ಇಳಿಸಿ ಕೂತವಳು ಐದು ನಿಮಿಷಕ್ಕೆ ನನ್ನ ಹತ್ತಿರ ಬಂದು, "ಅಪ್ಪಾಜಿ, ನನ್ನನ್ನೇ ಹೊರಗೆ ಹಾಕಿದ್ದೀರಲ್ಲ" ಅಂದಳು. ಕನ್ನಡಕ ಹುಡುಕಿ, ಗೂಡಿನಿಂದ ನೋಟ್‌ಬುಕ್ ತೆಗೆದು, ಹಳೇ ಫೋನಿನ ನಂಬರು ಹೊಡೆದುಹಾಕಿ ಹೊಸದರ ಹನ್ನೆರಡು ಅಕ್ಷರ ಬರೆದುಕೊಂಡೆ. ಎರಡನೇ ಅಕ್ಷರ ಇ ಇತ್ತು. ನಿಜವಾದದ್ದು ತೋರಿಸವ್ವ ಅಂದೆ.